ಜಂತಿನ ಔಷಧಿ ಕುಡಿಸಿದ್ರೂ ಕುರಿ ಸೊರಗ್ತಾ ಇವೆ, ಏನ್ ಮಾಡ್ಲಿ?

ಶಿರಾ ಕುರಿಮಂದೆ:
ನಮ್ದು ಶಿರಾ ಹತ್ರ, 40 ಕುರಿ, ಮಳೆ ಶುರುವಾದಾಗಿಂದ ಕೆರೆ ಅಂಗಳದಲ್ಲೇ ಮೇಯಿಸ್ತಿದೀನಿ. 20 ದಿನದ ಹಿಂದೆ ಎಲ್ಲಕ್ಕೂ ಆಲ್ಬೆಂಡಜೋಲ್ ಕುಡಿಸ್ದೆ, ಆದ್ರೂ ಎರಡು ಮರಿಗೆ ಗದ್ದದ ಕೆಳಗೆ ನೀರು ತುಂಬ್ದಂಗೆ ಊದ್ಕೊಂಡೈತೆ, ಬೆಳಿಗ್ಗೆ ಕಮ್ಮಿ ಇರುತ್ತೆ ಸಂಜೆ ಮೇದು ಬಂದಾಗ ಜಾಸ್ತಿ. ಮೂರು ವರ್ಷದಿಂದ ಇದೇ ಔಷಧಿ.

ಮಧುಗಿರಿ ಮೇಕೆ:
ಅಣ್ಣ, ಮೊದ್ಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಕೆಂಪಗಿರ್ಬೇಕು, ಕಾಗದದಂಗೆ ಬೆಳ್ಳಗಿದ್ರೆ ರಕ್ತ ಹೀರೋ ಹುಳ ಇರಬಹುದು, ಹೀಮಾಂಕಸ್ ಅಂತಾರೆ, ಒಂದು ಹೆಣ್ಣು ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತೆ. ಒಂದೇ ಔಷಧಿ ವರ್ಷಗಟ್ಲೆ ಕೊಟ್ರೆ ಹುಳ ಅದಕ್ಕೆ ಬಗ್ಗಲ್ಲ. ತಡ ಮಾಡ್ಬೇಡಿ, ಆ ಮರಿಗಳ್ನ ಇವತ್ತೇ ಡಾಕ್ಟ್ರಿಗೆ ತೋರ್ಸಿ.

ಪಾವಗಡ ಹಟ್ಟಿ:
ಕೆರೆ ಅಂಚು ಅಂದ್ರೆ ಬಸವನಹುಳು ಇರುತ್ತೆ, ಅದ್ರಿಂದ ಲಿವರ್ ಫ್ಲೂಕ್, ಅಂದ್ರೆ ಲಿವರ್‌ಗೆ ಸೇರ್ಕೊಳ್ಳೋ ಚಪ್ಪಟೆ ಹುಳ, ಬಂದ್ರೂ ಗದ್ದ ಹಿಂಗೇ ಊದೋದು. ಅದಕ್ಕೇ ಐದಾರು ಕುರಿಯ ತಾಜಾ ಹಿಕ್ಕೆ ಬೇರೆಬೇರೆ ಕವರಲ್ಲಿ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡ್ಸಿ, ಯಾವ ಹುಳ ಅಂತ ಗೊತ್ತಾದ್ಮೇಲೆ ಔಷಧಿ. ಕೊಟ್ಟು ಎರಡು ವಾರಕ್ಕೆ ಇನ್ನೊಂದ್ಸಲ ನೋಡ್ಸಿ, ಹಿಕ್ಕೇಲಿ ಹುಳದ ಮೊಟ್ಟೆ ಕಮ್ಮಿ ಆಗಿಲ್ಲ ಅಂದ್ರೆ ಆ ಔಷಧಿ ಕೆಲ್ಸ ಮಾಡ್ತಿಲ್ಲ ಅಂತ. ಇಬ್ಬನಿ ಆರೋವರೆಗೂ ಮಂದೆ ಬಿಡ್ಬೇಡಿ, ಮರಿಹುಳ ಹಸಿ ಹುಲ್ಲಿನ ಮೇಲೇ ಹತ್ತಿ ಕೂತಿರುತ್ವೆ.

ಕೊರಟಗೆರೆಯವ:
ತೂಕ ಮಾಡಿ ಕುಡಿಸಿದ್ರಾ? ಕಣ್ಣಂದಾಜಲ್ಲಿ ಕಮ್ಮಿ ಡೋಸ್ ಹೋದ್ರೆ ಗಟ್ಟಿ ಹುಳ ಉಳ್ಕೊಂಡು ಅವೇ ಬೆಳೆಯೋದು. ಗಬ್ಬದ ಮೊದಲ ತಿಂಗಳಲ್ಲಿರೋ ಕುರಿಗೆ ಆಲ್ಬೆಂಡಜೋಲ್ ಬೇಡ ಅಣ್ಣ, ಮರಿಗೆ ತೊಂದ್ರೆ.

ಶಿರಾ ಕುರಿಮಂದೆ:
ರೆಪ್ಪೆ ನೋಡ್ದೆ, ಎರಡಕ್ಕೂ ಬಿಳೀನೇ. ತೂಕ ಮಾಡಿರ್ಲಿಲ್ಲ. ಹಿಕ್ಕೆ ತಗೊಂಡು ಈಗ್ಲೇ ಹೊರಟೆ.