ಹೊಸದಾಗಿ ತಯಾರಾಗುವ ಸಾಂಪ್ರದಾಯಿಕ ಜೇಬುಚಾಕುಗಳ ಮೇಲೆ ಸಂಗ್ರಾಹಕರಿಗೆ ಇಷ್ಟೊಂದು ಒಲವು ಏಕೆ?

ಪ್ರಶ್ನೆ: ಅಲಗುಪ್ರಿಯ

ಎಲ್ಲರಿಗೂ ನಮಸ್ಕಾರ. ಮಡಚುವ ಚಾಕುಗಳಲ್ಲಿ ನನಗೆ ಬಹಳ ಕಾಲದಿಂದ ಆಸಕ್ತಿಯಿದೆ. ಆದರೆ ನನ್ನ ಬಳಿ ಇರುವವೆಲ್ಲ ಒಂದೇ ಕೈಯಲ್ಲಿ ತೆರೆಯಬಹುದಾದ, ತೆರೆದ ಮೇಲೆ ಅಲಗಿಗೆ ಲಾಕ್ ಬೀಳುವ ಆಧುನಿಕ ಮಾದರಿಗಳು. ಈಚೆಗೆ ಗಮನಿಸಿದ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿದೆ. ಲಾಕ್ ಇಲ್ಲದ, ಬೆನ್ನಿನ ಸ್ಪ್ರಿಂಗಿನ ಬಿಗಿಯಿಂದಷ್ಟೇ ನಿಲ್ಲುವ, ಅಲಗಿನ ಕಚ್ಚಿಗೆ ಉಗುರು ಸಿಕ್ಕಿಸಿ ಎಳೆದು ತೆರೆಯಬೇಕಾದ ಬಾರ್ಲೋ, ಟ್ರ್ಯಾಪರ್, ಸ್ಟಾಕ್‌ಮನ್ ಮುಂತಾದ ಹಳೆಯ ವಿನ್ಯಾಸಗಳು ಈಗಲೂ ಹೊಸದಾಗಿ ತಯಾರಾಗುತ್ತಿವೆ, ಅವುಗಳಲ್ಲಿ ಕೆಲವು ಮಾರಾಟಕ್ಕೆ ಬಂದ ಕೂಡಲೇ ಖಾಲಿಯಾಗುತ್ತಿವೆ. ಹಳೆಯ ಚಾಕುವನ್ನು ಅದರ ವಯಸ್ಸಿಗಾಗಿ, ಚರಿತ್ರೆಗಾಗಿ ಸಂಗ್ರಹಿಸುವುದು ನನಗೆ ಅರ್ಥವಾಗುತ್ತದೆ. ವಯಸ್ಸೂ ಇಲ್ಲದ, ಆಧುನಿಕ ಅನುಕೂಲಗಳೂ ಇಲ್ಲದ ಹೊಸ ಚಾಕುವಿನಲ್ಲಿ ಸಂಗ್ರಾಹಕರು ಕಾಣುವುದೇನು? ಮೊದಲ ಬಾರಿಗೆ ಇಂಥದೊಂದನ್ನು ಕೊಳ್ಳುವವರು ಏನನ್ನು ಪರೀಕ್ಷಿಸಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಬೆನ್ನುಸ್ಪ್ರಿಂಗ್

ಅಲಗುಪ್ರಿಯ ಅವರೇ, ಬಳಸಿ ಸವೆದ ಹಳೆಯ ಚಾಕುವಿನಲ್ಲಿ ಬಹುಮಟ್ಟಿಗೆ ಅಳಿಸಿಹೋಗಿರುವ ಒಂದು ಗುಣ ಹೊಸದರಲ್ಲಿ ಪೂರ್ತಿಯಾಗಿ ಕೈಗೆ ಸಿಗುತ್ತದೆ. ಅದು ಜೋಡಣೆಯ ಕೌಶಲ. ದಶಕಗಳ ಕಾಲ ದುಡಿದ ಚಾಕುವಿನ ಅಲಗು ಸಾಣೆ ಕಂಡು ಕಂಡು ಕಿರಿದಾಗಿರುತ್ತದೆ, ಕೀಲು ಅಲುಗಾಡುತ್ತದೆ, ಮೂಳೆಯ ಹಿಡಿ ಒಣಗಿ ಕುಗ್ಗಿ ಪಿನ್ನಿನ ಸುತ್ತ ಬಿರುಕು ಬಿಟ್ಟಿರುತ್ತದೆ. ತಯಾರಿಸಿದವರು ಅದನ್ನು ಯಾವ ಸ್ಥಿತಿಯಲ್ಲಿ ಕೈಬಿಟ್ಟರು ಎಂಬುದನ್ನು ನಾವು ಊಹಿಸಬೇಕಷ್ಟೆ. ಅದೇ ವಿನ್ಯಾಸ ಇಂದು ಹೊಸದಾಗಿ ತಯಾರಾದಾಗ, ನಮಗಿಂತ ಮೂರು ತಲೆಮಾರು ಹಿಂದಿನ ಗಿರಾಕಿ ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಅನುಭವಿಸಿದ್ದನ್ನೇ ನಾವೂ ಅನುಭವಿಸುತ್ತೇವೆ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಸ್ಲಿಪ್‌ಜಾಯಿಂಟ್ ಎಂದು ಕರೆಯುವ ಈ ರಚನೆ ನೋಡಲು ಸರಳ, ಮಾಡಲು ಬಹಳ ಕಷ್ಟ. ಅಲಗಿನ ಬುಡದಲ್ಲಿ ಪಿನ್ನಿನ ಸುತ್ತ ತಿರುಗುವ ಟ್ಯಾಂಗ್ ಎಂಬ ಭಾಗವಿರುತ್ತದೆ, ಅದರ ಮೇಲೆ ಬೆನ್ನಿನ ಸ್ಪ್ರಿಂಗ್ ಸದಾ ಒತ್ತಿಕೊಂಡಿರುತ್ತದೆ. ಟ್ಯಾಂಗಿನ ಮಗ್ಗುಲುಗಳನ್ನು ಚೌಕವಾಗಿ ಅರೆದಿದ್ದರೆ ಅಲಗು ಅರ್ಧ ದಾರಿಯಲ್ಲಿ, ಅಂದರೆ ಲಂಬಕೋನದಲ್ಲಿ, ಒಮ್ಮೆ ನಿಲ್ಲುತ್ತದೆ. ದುಂಡಗೆ ಅರೆದಿದ್ದರೆ ಎಲ್ಲಿಯೂ ನಿಲ್ಲದೆ ಜಾರುತ್ತದೆ. ಚೌಕ ಟ್ಯಾಂಗಿನ ಉತ್ತಮ ಚಾಕುವಿನಲ್ಲಿ ಮುಚ್ಚಿದಾಗ, ಅರ್ಧ ತೆರೆದಾಗ, ಪೂರ್ತಿ ತೆರೆದಾಗ, ಹೀಗೆ ಮೂರೂ ಸ್ಥಿತಿಗಳಲ್ಲಿ ಸ್ಪ್ರಿಂಗಿನ ಬೆನ್ನು ಅಕ್ಕಪಕ್ಕದ ಲೈನರುಗಳೊಂದಿಗೆ, ಅಂದರೆ ಹಿಡಿಯ ಒಳಬದಿಯ ಹಿತ್ತಾಳೆ ತಗಡುಗಳೊಂದಿಗೆ, ಸಮಸಮನಾಗಿರಬೇಕು. ಟ್ಯಾಂಗಿನ ಒಂದು ಮಗ್ಗುಲನ್ನು ಕೂದಲೆಳೆಯಷ್ಟು ಹೆಚ್ಚು ಅರೆದರೂ ಆ ಸ್ಥಿತಿಯಲ್ಲಿ ಸ್ಪ್ರಿಂಗ್ ಒಳಗೆ ತಗ್ಗುತ್ತದೆ. ಕಣ್ಣಿಗೆ ಕಾಣದ ಈ ತಗ್ಗು ಹೆಬ್ಬೆರಳನ್ನು ಬೆನ್ನಿನ ಮೇಲೆ ಸವರಿದೊಡನೆ ತಿಳಿಯುತ್ತದೆ.

ಎರಡು ಮೂರು ಅಲಗುಗಳಿರುವ ಮಾದರಿಗಳಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಸ್ಟಾಕ್‌ಮನ್ ಚಾಕುವಿನ ಮೂರು ಅಲಗುಗಳು, ಅಂದರೆ ಚೂಪು ಮೊನೆಯ ಕ್ಲಿಪ್, ನೇರ ಅಂಚಿನ ಶೀಪ್ಸ್‌ಫೂಟ್ ಮತ್ತು ಪಶುಪಾಲಕರು ಗಂಡು ಪಶುಗಳ ಬೀಜ ತೆಗೆಯಲು ಬಳಸುತ್ತಿದ್ದ ಮೊಂಡು ಮೊನೆಯ ಸ್ಪೇ, ಒಂದೇ ಕಿರಿದಾದ ಜಾಗದಲ್ಲಿ ಮಲಗಬೇಕು. ಒಂದಕ್ಕೊಂದು ತಾಗದಂತೆ ಅಲಗುಗಳನ್ನು ಬುಡದ ಬಳಿ ತುಸುವೇ ಬಗ್ಗಿಸುವ ಕ್ರಮ ಹಿಂದಿನಿಂದಲೂ ಇದೆ. ಹದಗೊಂಡ ಉಕ್ಕನ್ನು ಮುರಿಯದೆ ಬೇಕಾದಷ್ಟೇ ಬಗ್ಗಿಸುವುದು ಅಭ್ಯಾಸ ಬಲದಿಂದ ಮಾತ್ರ ಬರುವ ವಿದ್ಯೆ.

ಕೊಳ್ಳುವಾಗ ಮೊದಲು ಚಾಕುವನ್ನು ಬೆಳಕಿಗೆ ಎದುರಾಗಿ ಹಿಡಿದು ಸ್ಪ್ರಿಂಗ್ ಮತ್ತು ಲೈನರಿನ ನಡುವೆ ಬೆಳಕು ತೂರುತ್ತದೆಯೇ ಎಂದು ನೋಡಿ. ಅಲಗನ್ನು ತೆರೆದು ಎಡಬಲಕ್ಕೆ ಅಲುಗಾಡಿಸಿ, ಅದು ಕದಲಬಾರದು. ಮುಚ್ಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಅಡಗಿರಬೇಕು, ಹರಿತವಾದ ಅಂಚು ಒಳಗಿನ ಸ್ಪ್ರಿಂಗಿಗೆ ಬಡಿಯಬಾರದು. ಕೊನೆಗೆ ತೆರೆಯುವಾಗಲೂ ಮುಚ್ಚುವಾಗಲೂ ಬರುವ ಸದ್ದನ್ನು ಕೇಳಿ. ಸಂಗ್ರಾಹಕರು ‘ವಾಕ್ ಆ್ಯಂಡ್ ಟಾಕ್’ ಎನ್ನುವುದು ಇದಕ್ಕೇ: ಅಲಗು ತಡೆಯಿಲ್ಲದೆ ಸಾಗಿ, ನಿಲ್ಲಬೇಕಾದಲ್ಲಿ ಸ್ಪಷ್ಟವಾಗಿ ‘ಟಕ್’ ಎನ್ನಬೇಕು. ಉಗುರು ಕೀಳುವಷ್ಟು ಬಿಗಿಯಾದ ಸ್ಪ್ರಿಂಗ್ ಉತ್ತಮ ಕೆಲಸದ ಗುರುತು ಎಂದು ಕೆಲವರು ವಾದಿಸುತ್ತಾರೆ, ನಾನು ಅದನ್ನು ಒಪ್ಪುವುದಿಲ್ಲ. ದಿನವೂ ತೆರೆಯಲಾಗದ ಚಾಕು ಚಾಕುವಾಗಿ ಸೋತಂತೆಯೇ.

ಉತ್ತರ: ಹಳೇಮುದ್ರೆ

ಮೇಲಿನ ವಿವರಣೆ ಸೊಗಸಾಗಿದೆ. ಚರಿತ್ರೆಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಈ ಉತ್ಸಾಹದ ಹಿಂದೆ ಒಂದು ನಷ್ಟದ ಅನುಭವವೂ ಇದೆ. ಅಮೆರಿಕದ ಹಳೆಯ ಚಾಕು ಕಾರ್ಖಾನೆಗಳು ಈ ಶತಮಾನದ ಆರಂಭದಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಇಂಪೀರಿಯಲ್ ಶ್ರೇಡ್ 2004ರಲ್ಲಿ ಮುಚ್ಚಿತು, ಅದೇ ರಾಜ್ಯದ ಕಮಿಲಸ್ 2007ರಲ್ಲಿ ಮುಚ್ಚಿತು. ಇವೆರಡರ ನಡುವೆ, 2006ರಲ್ಲಿ, ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಗ್ರೇಟ್ ಈಸ್ಟರ್ನ್ ಕಟ್ಲರಿ ಆರಂಭವಾಯಿತು. ಎಲ್ಲರೂ ಕೈಬಿಡುತ್ತಿದ್ದ ಕಾಲದಲ್ಲಿ ಕಾರ್ಬನ್ ಉಕ್ಕು, ಮೂಳೆ, ಹಿತ್ತಾಳೆಗಳಿಂದ ಹಳೆಯ ಕ್ರಮದಲ್ಲಿಯೇ ಚಾಕು ಮಾಡುತ್ತೇವೆಂದು ಹೊರಟ ಸಂಸ್ಥೆಯನ್ನು ಸಂಗ್ರಾಹಕರು ಹೃತ್ಪೂರ್ವಕವಾಗಿ ಬರಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನಾರ್ತ್‌ಫೀಲ್ಡ್, ಟಿಡಿಯೂಟ್ ಎಂಬ ಹಳೆಯ ಹೆಸರುಗಳನ್ನೂ ಆ ಸಂಸ್ಥೆ ಮತ್ತೆ ಅಲಗಿನ ಮೇಲೆ ಮುದ್ರಿಸಿತು.

ಸಂಗ್ರಾಹಕರಿಗೆ ಈ ಮುದ್ರೆಗಳನ್ನು ಓದುವುದೇ ಒಂದು ಸಂತೋಷ. ಗ್ರೇಟ್ ಈಸ್ಟರ್ನ್‌ನ ಆರು ಅಂಕಿಗಳ ಸಂಖ್ಯೆಯಲ್ಲಿ ಮೊದಲ ಎರಡು ವಿನ್ಯಾಸವನ್ನೂ ಕೊನೆಯ ಎರಡು ತಯಾರಾದ ವರ್ಷವನ್ನೂ ಹೇಳುತ್ತವೆ. 1889ರಷ್ಟು ಹಿಂದಿನಿಂದ ತನ್ನ ಚರಿತ್ರೆಯನ್ನು ಎಣಿಸುವ, ಅಮೆರಿಕದ ಇನ್ನೊಂದು ಚಾಕು ತಯಾರಕ ಸಂಸ್ಥೆಯಾದ ಕೇಸ್‌ನ ಕ್ರಮವೇ ಬೇರೆ. ಅದರ 6254 ಎಂಬ ಟ್ರ್ಯಾಪರ್‌ನಲ್ಲಿ 6 ಎಂದರೆ ಮೂಳೆಯ ಹಿಡಿ, 2 ಎಂದರೆ ಎರಡು ಅಲಗು, 54 ಎಂದರೆ ವಿನ್ಯಾಸ. 1970ರಲ್ಲಿ ಕೇಸ್ ತನ್ನ ಮುದ್ರೆಯ ಕೆಳಗೆ ಹತ್ತು ಚುಕ್ಕಿಗಳನ್ನಿಟ್ಟು, ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತ ಬಂದದ್ದರಿಂದ, ಆ ದಶಕದ ಚಾಕುವಿನ ವರ್ಷವನ್ನು ಯಾರು ಬೇಕಾದರೂ ಚುಕ್ಕಿ ಎಣಿಸಿ ಹೇಳಬಹುದು. ಹೊಸ ಚಾಕುವಿಗೆ ಚರಿತ್ರೆಯಿಲ್ಲ ಎಂದು ನೀವು ಬರೆದಿದ್ದೀರಿ. ಅದರ ಚರಿತ್ರೆ ಅಲಗಿನ ಬುಡದ ಆ ಮುದ್ರೆಯಿಂದ ಆರಂಭವಾಗುತ್ತದೆ, ಆರಂಭದಿಂದಲೇ ಅದಕ್ಕೆ ಸಾಕ್ಷಿಯಾಗುವ ಅವಕಾಶ ನಮಗೆ ಸಿಕ್ಕಿದೆ.

ಯುರೋಪಿನಲ್ಲಿ ಕಥೆ ಬೇರೆ. ಫ್ರಾನ್ಸಿನ ಒಪಿನೆಲ್ 1890ರಿಂದ ಇಂದಿನವರೆಗೂ ತಯಾರಾಗುತ್ತಲೇ ಇದೆ; 1955ರಲ್ಲಿ ಅಲಗನ್ನು ಭದ್ರಪಡಿಸುವ ತಿರುಗುಬಳೆ ಸೇರಿದ್ದು ಬಿಟ್ಟರೆ ಅದರ ರೂಪ ಹೆಚ್ಚು ಬದಲಾಗಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ‘ಲಿಟಲ್ ಮೆಸ್ಟರ್’ ಎಂದು ಕರೆಸಿಕೊಳ್ಳುವ, ಚಿಕ್ಕ ಕಾರ್ಯಾಗಾರಗಳಲ್ಲಿ ಸ್ವತಂತ್ರವಾಗಿ ದುಡಿಯುವ ಕುಶಲಕರ್ಮಿಗಳ ಪರಂಪರೆಯಿದೆ. ಅವರಲ್ಲಿ ಪ್ರಸಿದ್ಧರಾದ ಸ್ಟ್ಯಾನ್ ಶಾ ಹದಿಹರೆಯದಲ್ಲಿ ಕೆಲಸಕ್ಕೆ ಸೇರಿ, ತುಂಬು ಬಾಳು ಬದುಕಿ 2021ರಲ್ಲಿ ತೀರಿಕೊಂಡರು. ಅಂಥವರ ಕೈಯ ಕೆಲಸ ಇನ್ನು ಬರುವುದಿಲ್ಲ. ಆದ್ದರಿಂದಲೇ ಆ ವಿದ್ಯೆಯನ್ನು ಮುಂದುವರಿಸುತ್ತಿರುವವರ ಹೊಸ ಚಾಕು ಕೊಳ್ಳುವುದನ್ನು ನಾನು ಆ ಕಸುಬಿಗೆ ಕೊಡುವ ಬೆಂಬಲವೆಂದೇ ಭಾವಿಸುತ್ತೇನೆ.

ಉತ್ತರ: ಸಾಣೆಕಲ್ಲು

ಹಳೇಮುದ್ರೆ ಅವರ ಮಾತಿಗೆ ಒಂದು ತಕರಾರು ಇದೆ. ಸಣ್ಣ ಕಾರ್ಖಾನೆ ಒಂದು ವಿನ್ಯಾಸವನ್ನು ಒಮ್ಮೆಗೆ ಸೀಮಿತ ಸಂಖ್ಯೆಯಲ್ಲಿ ಮಾಡಿ ಮುಂದಿನದಕ್ಕೆ ಹೋಗುತ್ತದೆ, ಅದೇ ವಿನ್ಯಾಸ ಮತ್ತೆ ಬರಲು ವರ್ಷಗಳೇ ಹಿಡಿಯಬಹುದು. ನುರಿತ ಕೈಗಳು ಕಡಿಮೆಯಿರುವಾಗ ಇದು ಅನಿವಾರ್ಯ, ಅದರಲ್ಲಿ ತಪ್ಪಿಲ್ಲ. ಆದರೆ ಇದನ್ನು ಬಳಸಿಕೊಂಡು, ಕೊಂಡ ದಿನವೇ ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡುವವರಿಂದಾಗಿ ನಿಜವಾಗಿ ಬಳಸಬಯಸುವವರ ಕೈಗೆ ಚಾಕು ಸಿಗುವುದಿಲ್ಲ. ಪೆಟ್ಟಿಗೆಯನ್ನೇ ತೆರೆಯದೆ ಒಂದೇ ವಿನ್ಯಾಸದ ಐದಾರು ಚಾಕುಗಳನ್ನು ಕೂಡಿಡುವುದನ್ನು ಕಸುಬಿಗೆ ಬೆಂಬಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಲಗುಪ್ರಿಯ ಅವರೇ, ಖಾಲಿಯಾದೀತೆಂಬ ಆತುರಕ್ಕೆ ಬಿದ್ದು ಕೊಳ್ಳಬೇಡಿ. ಕೇಸ್‌ನಂಥ ದೊಡ್ಡ ತಯಾರಕರ ಸಾಮಾನ್ಯ ಮಾದರಿಗಳು ಸದಾ ಸಿಗುತ್ತವೆ. ನಿಮಗೆ ಯಾವ ಆಕಾರ, ಎಷ್ಟು ಬಿಗಿ ಒಗ್ಗುತ್ತದೆ ಎಂಬುದನ್ನು ಅಂಥದೊಂದರಿಂದಲೇ ಕಲಿಯಬಹುದು.

ಉತ್ತರ: ಹಳೇಮುದ್ರೆ

ಒಪ್ಪಿದೆ. ಬೆಂಬಲ ಎಂದು ನಾನು ಬರೆದದ್ದು ಬಳಸಲು ಅಥವಾ ಪ್ರೀತಿಯಿಂದ ಇಟ್ಟುಕೊಳ್ಳಲು ಕೊಳ್ಳುವವರನ್ನು ಕುರಿತು. ಮರುಮಾರಾಟಗಾರರು ಅದರಲ್ಲಿ ಸೇರುವುದಿಲ್ಲ.

ಪ್ರಶ್ನೆ ಕೇಳಿದವರು: ಅಲಗುಪ್ರಿಯ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಅಲಗಿನ ಬಾರ್ಲೋ ಕೊಂಡು ದಿನವೂ ಬಳಸಬೇಕೆಂದು ಮನಸ್ಸು ಮಾಡಿದ್ದೇನೆ. ಉಕ್ಕು ಮತ್ತು ಹಿಡಿಯ ಆಯ್ಕೆಯ ಬಗ್ಗೆ, ಹಾಗೂ ಅವುಗಳ ಆರೈಕೆಯ ಬಗ್ಗೆ ಯಾರಾದರೂ ತಿಳಿಸುವಿರಾ?

ಉತ್ತರ: ಕಡವೆಕೊಂಬು

ಬಾರ್ಲೋ ಒಳ್ಳೆಯ ಆಯ್ಕೆ. ಹಿಡಿಯ ಮೂರನೇ ಒಂದು ಭಾಗದಷ್ಟನ್ನು ಆವರಿಸುವ ಅದರ ಉದ್ದನೆಯ ಲೋಹದ ಬೋಲ್ಸ್ಟರ್ ಇರುವುದು ಕೀಲಿಗೆ ಬಲ ಕೊಡಲೆಂದು, ಅಂದಕ್ಕಷ್ಟೇ ಅಲ್ಲ.

ದಿನವೂ ಒರೆಸಿ ಇಡುವ ಅಭ್ಯಾಸವಿದ್ದರೆ 1095 ಎಂಬ ಕಾರ್ಬನ್ ಉಕ್ಕನ್ನೇ ಆರಿಸಿಕೊಳ್ಳಿ. ಅದರಲ್ಲಿ ಸುಮಾರು 0.95 ಪ್ರತಿಶತ ಇಂಗಾಲವಿದ್ದು, ತುಕ್ಕು ತಡೆಯುವ ಕ್ರೋಮಿಯಂ ಇರುವುದಿಲ್ಲ. ಸಾಣೆಗೆ ಸುಲಭವಾಗಿ ಒಲಿಯುತ್ತದೆ, ತೆಳ್ಳಗಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹಣ್ಣು ಹೆಚ್ಚಿದ ಮೇಲೆ ಅಲಗು ಬೂದು, ನೀಲಿ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ. ಪಟೀನಾ ಎನ್ನುವ ಆ ಪದರ ಕೆಂಪು ತುಕ್ಕನ್ನು ಒಂದಷ್ಟು ಮಟ್ಟಿಗೆ ತಡೆಯುತ್ತದೆ, ಅದನ್ನು ಉಜ್ಜಿ ತೆಗೆಯುವ ಅಗತ್ಯವಿಲ್ಲ. ಕೆಂಪು ಕಂಡರೆ ಮಾತ್ರ ಕೂಡಲೇ ಎಣ್ಣೆ ಹಾಕಿ ಒರೆಸಿ. ಕೀಲಿಗೆ ಆಗಾಗ ಒಂದು ಹನಿ ಮಿನರಲ್ ಆಯಿಲ್ ಬಿಡಿ. ಹೊಸ ಚಾಕುವಿನ ಕೀಲಿನಿಂದ ಮೊದಮೊದಲು ಕಪ್ಪು ಪುಡಿ ಬರುವುದು ಸಾಮಾನ್ಯ. ಚಾಕುವನ್ನು ನೀರಿನಲ್ಲಿ ನೆನೆಹಾಕಬೇಡಿ.

ಹಿಡಿಗೆ ಮೂಳೆ ಸಾಕು. ಗೀರು ಗೀರಾಗಿ ಕೊರೆದು ಬಣ್ಣ ಹಾಕಿದ ಮೂಳೆ ಬಳಕೆಗೆ ಬಂದದ್ದೇ ಜಿಂಕೆ ಜಾತಿಯ ಕೊಂಬನ್ನು ಅನುಕರಿಸಲು. ಚಾಕು ತಯಾರಕರು ಎಲ್ಲಕ್ಕಿಂತ ಮೆಚ್ಚಿದ್ದು ಭಾರತದ ಕಡವೆಯ ಉದುರಿದ ಕೊಂಬನ್ನು, ಏಕೆಂದರೆ ಅದರ ಗಟ್ಟಿಯಾದ ಹೊರಪದರ ದಪ್ಪವಾಗಿದ್ದು ಒಳಗಿನ ಮೆದುಭಾಗ ಕಡಿಮೆ. 1990ರ ದಶಕದ ಕೊನೆಯಲ್ಲಿ ಭಾರತ ಅದರ ರಫ್ತನ್ನು ನಿಷೇಧಿಸಿದ ಮೇಲೆ ಹೊಸ ಚಾಕುಗಳಲ್ಲಿ ಅದು ಅಪರೂಪವಾಯಿತು. ದೇಶದೊಳಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ, ಯಾರಾದರೂ ಕಡವೆ ಕೊಂಬಿನ ಹಿಡಿಯೆಂದು ಆಸೆ ತೋರಿಸಿದರೆ ದೂರವಿರಿ. ನನ್ನ ಹೆಸರಿನಲ್ಲಿ ಕಡವೆ ಇರುವುದು ಆ ಪ್ರಾಣಿಯ ಮೇಲಿನ ಅಭಿಮಾನಕ್ಕೆ. ಅದರ ಕೊಂಬು ಕಾಡಿನಲ್ಲಿಯೇ ಇರಲಿ.

ಸೆಲ್ಯುಲಾಯ್ಡ್ ಹಿಡಿಗಳ ಬಗ್ಗೆಯೂ ಎಚ್ಚರ ಬೇಕು. ಹಳೆಯ ಚಾಕುಗಳಲ್ಲಿ ಹೆಚ್ಚಾಗಿ ಕಾಣುವ, ಕೆಲವು ಹೊಸದರಲ್ಲಿಯೂ ಬರುವ ಈ ವಸ್ತು ಕಾಲಕ್ರಮದಲ್ಲಿ ಕೊಳೆಯತೊಡಗಿದರೆ ಆಮ್ಲೀಯ ಅನಿಲವನ್ನು ಬಿಡುತ್ತದೆ. ಅದರ ಅಲಗಷ್ಟೇ ಅಲ್ಲ, ಅದೇ ಪೆಟ್ಟಿಗೆಯಲ್ಲಿರುವ ಬೇರೆ ಚಾಕುಗಳೂ ತುಕ್ಕು ಹಿಡಿಯುತ್ತವೆ. ಅಂಥವನ್ನು ಗಾಳಿಯಾಡುವಂತೆ ಪ್ರತ್ಯೇಕವಾಗಿಡಿ. ಚರ್ಮದ ಚೀಲದಲ್ಲಿ ಯಾವ ಚಾಕುವನ್ನೂ ಬಹುಕಾಲ ಬಿಡಬೇಡಿ. ಚರ್ಮ ಹದಮಾಡಲು ಬಳಸಿದ ರಾಸಾಯನಿಕಗಳೂ ಅದು ಹೀರಿಕೊಳ್ಳುವ ತೇವವೂ ಕಾರ್ಬನ್ ಉಕ್ಕಿಗೆ ಆಗುವುದಿಲ್ಲ. ಜೇಬಿನಲ್ಲಿ ಒಯ್ಯಲು ಚರ್ಮ, ಇಡಲು ಒಣ ಬಟ್ಟೆ.