ಸ್ಕ್ರ್ಯಾಚ್‌ನಲ್ಲಿ ತ್ರಿಭುಜ ಕೂಡಿಕೊಳ್ಳದಿದ್ದಾಗ ಉತ್ತರ ಹೇಳಿಕೊಡಬೇಕೇ?

ಪ್ರಶ್ನೆ: ಪ್ರೌಢಶಾಲೆಯ ಗಣಿತ ಶಿಕ್ಷಕಿ, ಇಂಡಿ ತಾಲ್ಲೂಕು

ಎಂಟನೆಯ ತರಗತಿಯವರಿಗೆ ಬಹುಭುಜಗಳ ಪಾಠವನ್ನು, ಆಜ್ಞೆಗಳ ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ತಂತ್ರಾಂಶವಾದ ಸ್ಕ್ರ್ಯಾಚ್‌ ಮೂಲಕ ಮಾಡುತ್ತಿದ್ದೇನೆ. ಸಮಬಾಹು ತ್ರಿಭುಜದ ಪ್ರತಿ ಕೋನ 60 ಡಿಗ್ರಿ ಎಂದು ಓದಿಕೊಂಡಿದ್ದ ಮಕ್ಕಳು, 100 ಹೆಜ್ಜೆ ನಡೆದು 60 ಡಿಗ್ರಿ ತಿರುಗುವ ಬ್ಲಾಕುಗಳನ್ನು ಮೂರು ಸಲ ಪುನರಾವರ್ತಿಸುವಂತೆ ಜೋಡಿಸಿದರು. ತೆರೆಯ ಮೇಲೆ ಮೂಡಿದ್ದು ಅರ್ಧ ಷಡ್ಭುಜ. ಅವಧಿ ಮುಗಿಯುತ್ತ ಬಂದಿದ್ದರಿಂದ ನಾನೇ 120 ಎಂದು ಹೇಳಿಬಿಟ್ಟೆ. ಎಲ್ಲರೂ ತಿದ್ದಿಕೊಂಡರು, ಏಕೆಂದು ಒಬ್ಬರೂ ಕೇಳಲಿಲ್ಲ. ಇದರಲ್ಲಿ ಗಣಿತದ ಕಲಿಕೆ ಎಷ್ಟಾಯಿತು?

ಉತ್ತರ: ಶಿಕ್ಷಕ, ಜಮಖಂಡಿ

ಅಕ್ಕಾವರೇ, ಆ ಅರ್ಧ ಷಡ್ಭುಜವೇ ನಿಮ್ಮ ಪಾಠವಾಗಿತ್ತು. ನಾನು ಇಂಥ ಸಂದರ್ಭದಲ್ಲಿ ಕಂಪ್ಯೂಟರ್ ಬಿಡಿಸಿ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತೇನೆ. ಸುಣ್ಣದ ಪುಡಿಯಲ್ಲಿ ಎಳೆದ ತ್ರಿಭುಜದ ಮೇಲೆ ಒಬ್ಬಳು ನಡೆದು ಮೂಲೆಗೆ ಬಂದು ನಿಂತಾಗ, ಅವಳ ಮುಖ ಇನ್ನೂ ಹಳೆಯ ಬಾಹುವಿನ ದಿಕ್ಕಿಗೇ ಇರುತ್ತದೆ; ಆದ್ದರಿಂದ ಮುಂದಿನ ಬಾಹುವಿನತ್ತ ಅವಳು ತಿರುಗಬೇಕಾದದ್ದು ಒಳಕೋನದಷ್ಟಲ್ಲ, 180ರಿಂದ 60 ಕಳೆದು ಉಳಿಯುವ ಹೊರಕೋನದಷ್ಟು. ಹೊರಟಲ್ಲಿಗೆ ಮರಳಿ ಮೊದಲಿನ ದಿಕ್ಕಿಗೇ ಮುಖ ಮಾಡಿದಾಗ ಒಟ್ಟು ಒಂದು ಸುತ್ತು, ಅಂದರೆ 360 ಡಿಗ್ರಿ, ತಿರುಗಿರುತ್ತಾಳೆ. 1967ರಲ್ಲಿ ಬಂದ, ಮಕ್ಕಳಿಗಾಗಿ ಮಾಡಿದ ಪ್ರೋಗ್ರಾಮಿಂಗ್ ಭಾಷೆಯಾದ ಲೋಗೋದಲ್ಲಿ ಆಜ್ಞೆಯಂತೆ ನಡೆದು ಗೆರೆ ಎಳೆಯುವ ಆಮೆಯ ಹಿಂದೆ, ಆ ಭಾಷೆಯನ್ನು ರೂಪಿಸಿದವರಲ್ಲೊಬ್ಬರಾದ ಸೆಮೂರ್ ಪ್ಯಾಪರ್ಟ್ ಅವರು ಕಂಡದ್ದೂ ಇದನ್ನೇ: ಮಗು ತನ್ನ ಮೈಯಿಂದಲೇ ರೇಖಾಗಣಿತವನ್ನು ಅರಿಯಬಲ್ಲದು. ಬಳಿಕ ಸಪ್ತಭುಜ ಕೇಳಿರಿ. ಏಳರಿಂದ 360 ನಿಶ್ಶೇಷವಾಗಿ ಭಾಗವಾಗದ ಕಾರಣ ಭಾಗಾಕಾರದ ಬ್ಲಾಕನ್ನು ಅವರೇ ಹುಡುಕುತ್ತಾರೆ, ಅಲ್ಲಿಂದ ಚರಾಕ್ಷರಕ್ಕೆ ಒಂದೇ ಹೆಜ್ಜೆ.

ಉತ್ತರ: ನಿವೃತ್ತ ಶಿಕ್ಷಕ, ವಿಜಯಪುರ

ನಮ್ಮ ಗೋಲಗುಮ್ಮಟವನ್ನೂ ಬಳಸಿಕೊಳ್ಳಿರಿ. ಚೌಕಾಕಾರದ ಕಟ್ಟಡದ ಮೇಲೆ ದುಂಡನೆಯ ಗುಮ್ಮಟ ನಿಲ್ಲಲು ಒಳಗಿನ ಕಮಾನುಗಳು 45 ಡಿಗ್ರಿ ತಿರುಗಿದ ಎರಡು ಚೌಕಗಳಂತೆ ಹೆಣೆದುಕೊಂಡಿವೆ. ಆ ಎರಡು ಚೌಕಗಳನ್ನು ತೆರೆಯ ಮೇಲೆ ಬಿಡಿಸಲು ಹೇಳಿರಿ. ಮೂಲೆಯಲ್ಲಿಯೇ 45 ತಿರುಗಿಸಿದ ಮಕ್ಕಳಿಗೆ ಎರಡೂ ಚೌಕಗಳು ಅದೇ ಮೂಲೆಗೆ ಅಂಟಿಕೊಂಡು ಬರುತ್ತವೆ. ಎರಡಕ್ಕೂ ಕೇಂದ್ರ ಒಂದೇ, ಅಂದರೆ ತೆರೆಯ ನಡುವಿನ (0, 0), ಆಗಬೇಕಾದರೆ, 100ರ ಬಾಹುವಿಗೆ ಮೊದಲನೆಯದನ್ನು (−50, 50)ರಿಂದಲೂ ಎರಡನೆಯದನ್ನು (0, 70.7)ರಿಂದಲೂ ಆರಂಭಿಸಬೇಕು. ಆ 70.7 ಎಲ್ಲಿಂದ ಬಂತೆಂದು ಹುಡುಕುವಾಗ ಪೈಥಾಗೊರಸ್ ಪ್ರಮೇಯ ತಾನಾಗಿ ಬೇಕಾಗುತ್ತದೆ.

ಉತ್ತರ: ಶಿಕ್ಷಕಿ, ಬೆಳಗಾವಿ

ಒಂದು ಎಚ್ಚರಿಕೆ ಹೇಳಬಯಸುತ್ತೇನೆ. ಸ್ಕ್ರ್ಯಾಚ್‌ನಲ್ಲಿ ಮೇಲ್ಮುಖ ದಿಕ್ಕು 0, ಬಲಕ್ಕೆ 90, ಎಣಿಕೆ ಪ್ರದಕ್ಷಿಣವಾಗಿ ಸಾಗುತ್ತದೆ; ಮುಂದೆ ತ್ರಿಕೋನಮಿತಿಯಲ್ಲಿ ಕೋನವನ್ನು x-ಅಕ್ಷದಿಂದ ಅಪ್ರದಕ್ಷಿಣವಾಗಿ ಅಳೆಯುತ್ತಾರೆ. ಇದನ್ನು ಮೊದಲೇ ತಿಳಿಸದೆ ಹೋದದ್ದಕ್ಕೆ ನನ್ನ ಮಕ್ಕಳು ಒಂದು ವಾರ ಗೊಂದಲಪಟ್ಟರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಸೋಮವಾರ ಸುಣ್ಣದ ಪುಡಿ ತರಿಸುತ್ತೇನೆ. ನಮ್ಮಲ್ಲಿರುವ ಎಂಟೇ ಕಂಪ್ಯೂಟರುಗಳಿಗೆ ಸರದಿ ಕಾಯುವ ಮಕ್ಕಳಿಗೂ ಅಂಗಳದಲ್ಲಿ ಕೆಲಸವಾಯಿತು.