ಅರ್ಥವನ್ನೇ ಆಧರಿಸಿದ ಲಿಂಗವ್ಯವಸ್ಥೆಯಲ್ಲಿ ಮೀನನ್ನು ಎಲ್ಲಿಡುವುದು?

ಪ್ರಶ್ನೆ (ಕಡಲತಡಿ): ಕಥೆಯೊಂದಕ್ಕಾಗಿ ದ್ವೀಪದ ಮೀನುಗಾರರ ಭಾಷೆಯೊಂದನ್ನು ಕಟ್ಟುತ್ತಿದ್ದೇನೆ. ಮನುಷ್ಯರು, ಇತರ ಜೀವಿಗಳು, ನೀರಿಗೆ ಸಂಬಂಧಿಸಿದವು, ಉಳಿದವು ಎಂದು ನಾಲ್ಕು ಲಿಂಗಗಳಿವೆ. ಲಿಂಗವನ್ನು ಅರ್ಥವೊಂದೇ ನಿರ್ಧರಿಸಬೇಕೆಂಬುದು ನನ್ನ ಆಸೆ. ಆದರೆ ಮೀನು ಜೀವಿಯೋ, ನೀರಿನದೋ? ಬಲೆಗೆ ಬಿದ್ದು ಸತ್ತ ಮೇಲೆ ಅದರ ಲಿಂಗ ಬದಲಾಗಬೇಕೇ? ನಾಮಪದದ ಕೊನೆಗೆ ಲಿಂಗಸೂಚಕ ಪ್ರತ್ಯಯ ಬೇಕೇ?

ಉತ್ತರ (ಅಕಾರಾಂತ): ಪ್ರತ್ಯಯ ಬೇಡ, ಲಿಂಗವು ಕ್ರಿಯಾಪದದಲ್ಲೂ ಸರ್ವನಾಮದಲ್ಲೂ ಕಾಣಿಸಿಕೊಂಡರೆ ಸಾಕು. ಕನ್ನಡದ 'ಅಣ್ಣ', 'ಬಣ್ಣ' ಎರಡೂ ಒಂದೇ ರೀತಿ ಮುಗಿದರೂ, ಅಣ್ಣ ಬಂದನು, ಬಣ್ಣ ಬಂದಿತು ಎನ್ನುವಾಗ ಯಾರೂ ತಡವರಿಸುವುದಿಲ್ಲ. ಪ್ರತ್ಯಯವಿದ್ದರೂ ಅರ್ಥ ಅದನ್ನು ಮೀರಬಲ್ಲದು: ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ನೀರಾನೆಯ ಹೆಸರಾದ 'ಕಿಬೊಕೊ' ವಸ್ತುಗಳ ವರ್ಗದ (ಅಲ್ಲಿ ಲಿಂಗಕ್ಕೆ ವರ್ಗವೆನ್ನುತ್ತಾರೆ) 'ಕಿ' ಪೂರ್ವಪ್ರತ್ಯಯವನ್ನು ಹೊತ್ತಿದ್ದರೂ, ಅದು ಪ್ರಾಣಿಯಾದ್ದರಿಂದ ಅದರ ಕ್ರಿಯಾಪದ ಮನುಷ್ಯರ ಮತ್ತು ಪ್ರಾಣಿಗಳ ವರ್ಗದ ರೂಪವನ್ನೇ ತಾಳುತ್ತದೆ.

ಉತ್ತರ (ಹಳೆಯ ಓದುಗ): ಮೀನಿನ ಪ್ರಶ್ನೆಗೆ ಆಸ್ಟ್ರೇಲಿಯಾದ ಈಶಾನ್ಯ ಕ್ವೀನ್ಸ್‌ಲ್ಯಾಂಡಿನ ಜಿರ್ಬಲ್ ಭಾಷೆಯನ್ನು ನೋಡಿ, ಭಾಷಾವಿಜ್ಞಾನಿ ಡಿಕ್ಸನ್ ಅವರು 1972ರಲ್ಲಿ ಅದರ ವ್ಯಾಕರಣವನ್ನು ಪ್ರಕಟಿಸಿದರು. ಅಲ್ಲಿ ಗಂಡಸರಿಗೂ ಬಹುತೇಕ ಪ್ರಾಣಿಗಳಿಗೂ ಒಂದೇ ವರ್ಗ, ಹೆಂಗಸರಿಗೆ ಬೆಂಕಿ ಮತ್ತು ನೀರಿನ ಜೊತೆ ಇನ್ನೊಂದು. ಮೀನುಗಳು ಮೊದಲ ವರ್ಗದವು. ಅವುಗಳ ನಂಟಿನಿಂದ ಗಾಳದ ದಾರವೂ ಅದೇ ವರ್ಗಕ್ಕೆ ಸೇರಿದೆ. ಕಲ್ಲುಮೀನಿನಂಥ ಅಪಾಯಕಾರಿ ಮೀನುಗಳು ಮಾತ್ರ ಎರಡನೆಯದಕ್ಕೆ ಸರಿದಿವೆ. ಹಕ್ಕಿಗಳೂ ಅಲ್ಲಿಯೇ ಇವೆ, ಏಕೆಂದರೆ ಅವು ಸತ್ತ ಹೆಂಗಸರ ಆತ್ಮಗಳೆಂಬ ನಂಬಿಕೆಯಿದೆ. ನಿಮ್ಮ ದ್ವೀಪದವರು ಮೀನಿನ ಬಗ್ಗೆ ಏನು ನಂಬುತ್ತಾರೆಂಬುದನ್ನು ಮೊದಲು ತೀರ್ಮಾನಿಸಿ, ಲಿಂಗ ಆಮೇಲೆ. ಬಲೆಯನ್ನೂ ದೋಣಿಯನ್ನೂ ಆ ನಂಬಿಕೆ ಎಲ್ಲಿಗೆ ಎಳೆಯುತ್ತದೆಂಬುದು ನನಗಂತೂ ಸತ್ತ ಮೀನಿಗಿಂತ ಹೆಚ್ಚು ಕುತೂಹಲದ ವಿಷಯ.

ಉತ್ತರ (ಅಕಾರಾಂತ): ಒಪ್ಪುತ್ತೇನೆ, ಆದರೆ ಪ್ರತಿಯೊಂದು ಪದಕ್ಕೂ ಪುರಾಣ ಕಟ್ಟಲು ಹೊರಟರೆ ಭಾಷೆ ಮುಗಿಯುವುದಿಲ್ಲ. ಕೆಲವನ್ನು ಮಾತನಾಡುವವರ ಆಯ್ಕೆಗೆ ಬಿಡಿ. ಸೂರ್ಯ ಮುಳುಗಿದನು ಎಂದೂ ಮುಳುಗಿತು ಎಂದೂ ನಾವು ಹೇಳುವುದಿಲ್ಲವೇ? ಬಹುವಚನದಲ್ಲಿ ನಾಲ್ಕನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ಕನ್ನಡದಲ್ಲಿ ಅಲ್ಲಿ 'ಬಂದರು', 'ಬಂದವು' ಎಂಬ ಎರಡೇ ಉಳಿಯುತ್ತವೆ. ವಿಂಗಡಣೆ ನಿಮ್ಮ ಕಣ್ಣಿಗೆ ಅಚ್ಚುಕಟ್ಟಾಗಿರಲೇಬೇಕೆಂದೂ ಇಲ್ಲ: ತೆಲುಗಿನ ಏಕವಚನದಲ್ಲಿ ಹೆಂಗಸರಿಗೂ ವಸ್ತುಗಳಿಗೂ ಕ್ರಿಯಾಪದದ ರೂಪ ಒಂದೇ, ಹವ್ಯಕ ಕನ್ನಡದಲ್ಲಿಯೂ ಹೆಂಗಸರಿಗೆ 'ಅದು' ಬಳಕೆಯಲ್ಲಿದೆ.

ಕಡಲತಡಿ: ಹಾಗಾದರೆ ಈಜುವ ಮೀನು ನೀರಿನ ಲಿಂಗಕ್ಕೂ, ದಡಕ್ಕೆ ಬಂದದ್ದು 'ಉಳಿದವು' ಲಿಂಗಕ್ಕೂ ಸೇರಲಿ, ನಾಮಪದ ಒಂದೇ, ಬದಲಾಗುವುದು ಕ್ರಿಯಾಪದ ಮಾತ್ರ. ಮುಳುಗಿ ಸತ್ತ ಮನುಷ್ಯನಿಗೆ ಅವರು ನೀರಿನ ಲಿಂಗವನ್ನೇ ಬಳಸುತ್ತಾರೆ ಎಂದಿಟ್ಟುಕೊಂಡರೆ, ಕಥೆಯ ಎರಡನೆಯ ಅಧ್ಯಾಯವನ್ನೇ ತಿದ್ದಬೇಕಾಗುತ್ತದೆ.